ಜ್ವಾಲೆಯ ಬಣ್ಣವೂ ಬಾಯಿಪಾಠವೂ

ಸೋಡಿಯಂ ಹಳದಿ, ತಾಮ್ರ ಹಸಿರು, ಪೊಟ್ಯಾಸಿಯಂ ನಸುನೇರಿಳೆ—ಜ್ವಾಲೆಯ ಈ ಬಣ್ಣಗಳನ್ನು ಶಾಲೆಯಲ್ಲಿ ಉರುಹೊಡೆದವರು ನಮ್ಮಲ್ಲಿ ಅನೇಕರು. ಕಣ್ಣಾರೆ ಕಂಡವರು ವಿರಳ. ಪ್ರಯೋಗಶಾಲೆಯಿಲ್ಲವೆಂಬ ಕಾರಣ ಒಪ್ಪತಕ್ಕದ್ದಲ್ಲ.

ಒಂದು ಸ್ಪಿರಿಟ್ ದೀಪ, ಅಡಿಗೆಯ ಉಪ್ಪು, ಚಿಟಿಕೆ ಮೈಲುತುತ್ತ, ನೀರಿನಲ್ಲಿ ನೆನೆಸಿದ ಕೆಲವು ಮರದ ಕಡ್ಡಿಗಳು—ಇಷ್ಟೇ ಸಾಕು. ಉಪ್ಪಿನ ದ್ರಾವಣದಲ್ಲಿ ಅದ್ದಿದ ಕಡ್ಡಿಯನ್ನು ಉರಿಗೆ ಹಿಡಿದರೆ ಹಳದಿ. ಮೈಲುತುತ್ತದ ದ್ರಾವಣದಲ್ಲಿ ಅದ್ದಿದ್ದಕ್ಕೆ ಹಸಿರು. ತಟ್ಟೆಗೆ ಮೆಥನಾಲ್ ಸುರಿದು ಉರಿಸುವ ಪದ್ಧತಿ ಮಾತ್ರ ಸರ್ವಥಾ ಕೂಡದು. ಅದರಿಂದ ಮಕ್ಕಳು ಸುಟ್ಟುಕೊಂಡ ಉದಾಹರಣೆಗಳುಂಟು.

ಕಂಡು ಕಲಿಯುವುದರಲ್ಲಿ ಇನ್ನೊಂದು ಲಾಭವಿದೆ. ಪೊಟ್ಯಾಸಿಯಂ ಲವಣದಲ್ಲಿ ಸೋಡಿಯಂ ಲವಲೇಶವಿದ್ದರೂ ಹಳದಿಯೇ ಮೆರೆದು ನೇರಿಳೆಯನ್ನು ಮರೆಮಾಡುತ್ತದೆ. ಕೋಬಾಲ್ಟ್ ನೀಲಿಗಾಜಿನ ಮೂಲಕ ನೋಡಿದರೆ ಅದು ಮತ್ತೆ ಗೋಚರಿಸುತ್ತದೆ. ಪುಸ್ತಕದ ಮಾತೂ ಕಣ್ಣಿನ ಸಾಕ್ಷಿಯೂ ಹೊಂದದಾಗ ಹುಡುಗನು 'ಏಕೆ?' ಎನ್ನುತ್ತಾನೆ. ವಿಜ್ಞಾನ ಆರಂಭವಾಗುವುದೇ ಅಲ್ಲಿ. ಬುನ್ಸೆನ್ ಮತ್ತು ಕಿರ್ಖಾಫ್ ಜ್ವಾಲೆಯ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ ನೋಡಿಯೇ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಧಾತುಗಳನ್ನು ಕಂಡುಹಿಡಿದರು.

ನಾವು ಕಲಾವಿಭಾಗದವರು, ನಮಗೇಕೆ ಇದೆಲ್ಲ ಎನ್ನಬಹುದು. ಆದರೆ ನಾಳೆ ನಮ್ಮಲ್ಲಿ ಕೆಲವರು ಉಪಾಧ್ಯಾಯರು, ಹಲವರು ತಂದೆತಾಯಿಗಳು. ಬರೆಸುವ ಮುನ್ನ ತೋರಿಸಿರೆಂದು ಕೇಳುವ ಹಕ್ಕೂ ಹೊಣೆಯೂ ನಮ್ಮದಾಗಿದೆ.