ಡಬ್ಬಿಯೊಳಗಿನ ರಸಾಯನಶಾಸ್ತ್ರ

ಮೊನ್ನೆ ಕಡೂರಿನ ಬಸ್ ನಿಲ್ದಾಣದಲ್ಲಿ ಅಜ್ಜಂಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಕೈಯಲ್ಲಿ ಥರ್ಮಕೋಲ್ ಡಬ್ಬಿ. "ಏನಪ್ಪಾ, ಐಸ್‌ಕ್ರೀಮೇ?" ಎಂದು ಕೇಳಿ, ಪಕ್ಕದಲ್ಲಿ ಸೆರಗು ಹೊದ್ದು ಕುಳಿತಿದ್ದ ಅವನ ತಾಯಿಯನ್ನು ಕಂಡು ನಾಲಿಗೆ ಕಚ್ಚಿಕೊಂಡೆ. "ಅಮ್ಮಂಗೆ ನಿನ್ನೆ ಬೆಂಗಳೂರಲ್ಲಿ ಕೀಮೋ ಆಯ್ತು ಸಾರ್. ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಈ ಇಂಜೆಕ್ಷನ್ ಕೊಡಿಸ್ಬೇಕು" ಎಂದ.

ಆ ಮದ್ದು ಪೆಗ್‌ಫಿಲ್ಗ್ರಾಸ್ಟಿಮ್. ಕುಸಿದ ಬಿಳಿ ರಕ್ತಕಣಗಳನ್ನು ಹೆಚ್ಚಿಸುವ ಫಿಲ್ಗ್ರಾಸ್ಟಿಮ್ ಎಂಬ ಪ್ರೋಟೀನಿಗೆ, ಸುಮಾರು ಅದರಷ್ಟೇ ತೂಕದ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಕೃತಕ ಸರಪಳಿಯನ್ನು ಜೋಡಿಸಿರುತ್ತಾರೆ. ಬರಿಯ ಪ್ರೋಟೀನು ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡದ ಮೂಲಕ ಸೋಸಿಹೋಗುವುದರಿಂದ ದಿನವೂ ಚುಚ್ಚಬೇಕು. ಸರಪಳಿ ಹೊತ್ತದ್ದು ಸೋಸಿಹೋಗದಷ್ಟು ದೊಡ್ಡದು. ಬಿಳಿಕಣಗಳು ಚೇತರಿಸಿಕೊಂಡ ಮೇಲೆ ಅವೇ ಅದನ್ನು ಅರಗಿಸಿಕೊಳ್ಳುತ್ತವೆ. ಎಂಥ ಸೊಗಸಾದ ಲೆಕ್ಕಾಚಾರ! ಆದ್ದರಿಂದ ಒಂದು ಸುತ್ತಿನ ಕೀಮೋಗೆ ಒಂದೇ ಚುಚ್ಚು ಸಾಕು.

ಈ ಜೋಡಣೆಯ ವಿದ್ಯೆ 1970ರ ದಶಕದಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಫ್ರಾಂಕ್ ಡೇವಿಸ್ ಅವರಿಂದ ಆರಂಭವಾಯಿತು. ನಮ್ಮ ಬೆಂಗಳೂರಿನ ಬಯೋಕಾನ್, ಮೈಲಾನ್ ಜೊತೆಗೂಡಿ ರೂಪಿಸಿದ ಪೆಗ್‌ಫಿಲ್ಗ್ರಾಸ್ಟಿಮ್‌ಗೆ 2018ರ ಜೂನ್‌ನಲ್ಲಿ ಅಮೆರಿಕದ ಅನುಮತಿ ದೊರೆಯಿತು. ಇಲ್ಲಿ ಬಳ್ಳಿಯನ್ನು ಬೆಳೆಸಿ ತಂದು ಮರಕ್ಕೆ ಕಟ್ಟಿದಂತೆ, ಸಿದ್ಧ ಸರಪಳಿಯನ್ನು ಪ್ರೋಟೀನಿಗೆ ಜೋಡಿಸುತ್ತಾರೆ. 1995ರಲ್ಲಿ ಮಾತಿಯಾಶೆವ್‌ಸ್ಕಿ ಮತ್ತು ಸವಾಮೋಟೊ ಬೇರೆಬೇರೆಯಾಗಿ ಪ್ರಕಟಿಸಿದ ನಿಯಂತ್ರಿತ ಪಾಲಿಮರೀಕರಣದ ಬಳಿಕ ಇನ್ನೊಂದು ದಾರಿ ತೆರೆಯಿತು: ತರೀಕೆರೆಯ ತೋಟದವರು ಅಡಿಕೆಮರದ ಬುಡದಲ್ಲೇ ವೀಳ್ಯದ ಕುಡಿ ನೆಟ್ಟು ಹಬ್ಬಿಸುವಂತೆ, ಪ್ರೋಟೀನಿನ ಮೇಲಿಂದಲೇ ಸರಪಳಿಯನ್ನು ಬೇಕಾದಷ್ಟು ಉದ್ದಕ್ಕೆ ಬೆಳೆಸುವುದು. ಬಿಸಿ ಹೆಚ್ಚಿದರೆ ಪ್ರೋಟೀನು ಬೇಯಿಸಿದ ಮೊಟ್ಟೆಯಂತಾಗುತ್ತದೆ. ನೀರಿನಲ್ಲಿ, ಹದವಾದ ಉಷ್ಣದಲ್ಲಿ ಮಾಡಬೇಕಾದ ಕೆಲಸವಿದು. ಕೆಲವರ ದೇಹ ಈಗಿನ ಸರಪಳಿಗೆ ಪ್ರತಿಕಾಯಗಳನ್ನು ಹುಟ್ಟಿಸುವುದರಿಂದ ಬೇರೆ ಸರಪಳಿಗಳ ಹುಡುಕಾಟವೂ ನಡೆದಿದೆ.

ಇಷ್ಟೆಲ್ಲ ಜಾಣ್ಮೆ ಕೊನೆಗೆ ಒಂದು ಥರ್ಮಕೋಲ್ ಡಬ್ಬಿಯನ್ನು ಆಶ್ರಯಿಸಿದೆಯಲ್ಲ! 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕಾದ ಮದ್ದು ಬಸ್ಸಿನಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ಕುಲುಕಿಕೊಂಡು ಬರಬೇಕೇ? ಲಸಿಕೆಗಳಿಗಾಗಿ ಅದೇ ತಂಪನ್ನು ಹಳ್ಳಿಹಳ್ಳಿಗಳಲ್ಲಿ ಕಾಯ್ದುಕೊಂಡ ನಾಡು ನಮ್ಮದು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ರೋಗಿಗಳಿಗೆ ಈ ಮದ್ದೂ, ಅದನ್ನು ಕೊಡಬಲ್ಲ ದಾದಿಯೂ ತಾಲ್ಲೂಕು ಕೇಂದ್ರದಲ್ಲೇ ದೊರೆಯಬೇಕೆಂಬುದು ನನ್ನ ವಾದ. ದಿನದ ಚುಚ್ಚುಮದ್ದಿಗಿಂತ ಇದು ದುಬಾರಿ ಎನ್ನುವವರು, ದಿನವೂ ಆಸ್ಪತ್ರೆಗೆ ಅಲೆಯುವ ಬಸ್ ಚಾರ್ಜು, ಜೊತೆಗೆ ಹೋದವನ ಕೂಲಿ, ಮಾರ್ಗದಲ್ಲಿ ತಗುಲಬಹುದಾದ ಸೋಂಕು ಇವನ್ನೂ ಕೂಡಿಸಿ ನೋಡಲಿ.

ಆರೋಗ್ಯ ಇಲಾಖೆಗೆ ಮನವಿಯೊಂದನ್ನು ಬರೆದಿಟ್ಟಿದ್ದೇನೆ. ಸಹಿ ಹಾಕಬಯಸುವ ಮಿತ್ರರು ಮನೆಗೆ ಬರಬಹುದು. ಸಂಜೆ ಐದರ ಮೇಲೆ ನಾನು ಜಗಲಿಯಲ್ಲೇ ಇರುತ್ತೇನೆ.