ನಾಲ್ವರ ಹೆಸರು, ಒಬ್ಬನ ಕೆಲಸ

ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಹೇಗಿರುತ್ತದೆಂದು ಮನೆಯಲ್ಲಿ ಪದವೀಧರರಿರುವ ಎಲ್ಲರಿಗೂ ಗೊತ್ತು. ಗಟ್ಟಿ ರಟ್ಟು, ಚಿನ್ನದ ಬಣ್ಣದ ಅಕ್ಷರಗಳು, ಕಾಲೇಜಿನ ಲಾಂಛನ, ಉದ್ದನೆಯ ಶೀರ್ಷಿಕೆ, ಅದರ ಕೆಳಗೆ ನಾಲ್ಕು ಹೆಸರುಗಳು. ಹೆತ್ತವರು ಅದನ್ನು ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾರೆ. ಆದರೆ ಆ ನಾಲ್ವರಲ್ಲಿ ಪ್ರೋಗ್ರಾಂ ಬರೆದವರೆಷ್ಟು ಮಂದಿ ಎಂದು ನಾವು ಕೇಳುವುದಿಲ್ಲ. ಕೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಸಿಗುವ ಉತ್ತರ, ಒಬ್ಬ. ಕೆಲವೊಮ್ಮೆ ಆ ಒಬ್ಬನೂ ಇರುವುದಿಲ್ಲ. ಹಣ ಕೊಟ್ಟರೆ ಪ್ರಾಜೆಕ್ಟನ್ನೂ ರಿಪೋರ್ಟನ್ನೂ ಸಿದ್ಧವಾಗಿ ಕೊಡುವವರು ಬೆಂಗಳೂರಿನಲ್ಲಿ ಜಾಹೀರಾತು ಹಾಕಿಯೇ ವ್ಯಾಪಾರ ನಡೆಸುತ್ತಿದ್ದಾರೆ.

ಖರೀದಿಯ ವಿಷಯ ಬಿಡೋಣ, ಅದು ನೇರ ವಂಚನೆ. ನಾವು ಹೇಳಹೊರಟಿರುವುದು ಪ್ರಾಮಾಣಿಕವಾಗಿ ಪ್ರಾಜೆಕ್ಟ್ ಮಾಡುವ ತಂಡಗಳ ಬಗ್ಗೆ. ಅಲ್ಲಿ ಕೆಲಸ ಹಂಚಿಕೆಯಾಗುವ ಬಗೆಯನ್ನು ಗಮನಿಸಿ. ಪ್ರೋಗ್ರಾಮಿಂಗ್ ಬಲ್ಲ ಹುಡುಗ ಕೋಡ್ ಬರೆಯುತ್ತಾನೆ. ಇನ್ನೊಬ್ಬ ಸ್ಲೈಡುಗಳನ್ನು ಮಾಡುತ್ತಾನೆ. ಮತ್ತೊಬ್ಬ ಮುದ್ರಣದ ಖರ್ಚು ನೋಡಿಕೊಳ್ಳುತ್ತಾನೆ. ತಂಡದಲ್ಲಿ ಹುಡುಗಿಯಿದ್ದರೆ ರಿಪೋರ್ಟ್ ಬರೆಯುವ ಕೆಲಸ ಅವಳ ಪಾಲಿಗೆ, ಕಾರಣ ಅಕ್ಷರ ಚೆನ್ನಾಗಿದೆಯಂತೆ! ಕಂಪ್ಯೂಟರಿನಲ್ಲಿ ಟೈಪ್ ಮಾಡುವ ರಿಪೋರ್ಟಿಗೆ ಅಕ್ಷರದ ಅಂದವೇಕೆ ಎಂದು ಯಾರೂ ಪ್ರಶ್ನಿಸುವುದಿಲ್ಲ. ಕೊನೆಗೆ ವೈವಾದ ದಿನ ಪರೀಕ್ಷಕರು ಪ್ರೋಗ್ರಾಮಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದಾಗ ಮೂವರ ಕಣ್ಣುಗಳು ನಾಲ್ಕನೆಯವನತ್ತ ತಿರುಗುತ್ತವೆ.

ಇದಕ್ಕೆ ಮಕ್ಕಳನ್ನಷ್ಟೇ ದೂರುವುದು ಅನ್ಯಾಯವಾದೀತು. ಒಂದನೇ ತರಗತಿಯಿಂದ ಪಿಯುಸಿಯ ತನಕ ನಾವು ಅವರಿಗೆ ಕಲಿಸಿದ್ದಾದರೂ ಏನು? ನಿನ್ನ ಪಾಡಿಗೆ ನೀನು ಓದು, ನೋಟ್ಸ್ ಯಾರಿಗೂ ಕೊಡಬೇಡ, ಸಿಇಟಿಯಲ್ಲಿ ಪಕ್ಕದವನ ರ‍್ಯಾಂಕಿಗಿಂತ ನಿನ್ನದು ಮುಂದಿರಲಿ. ಹನ್ನೆರಡು ವರ್ಷ ಸಹಪಾಠಿಯನ್ನು ಪ್ರತಿಸ್ಪರ್ಧಿಯೆಂದೇ ಕಂಡು ಬೆಳೆದವನನ್ನು ಇಪ್ಪತ್ತೊಂದರ ಹರೆಯದಲ್ಲಿ ಕರೆದು, ಈ ಮೂವರೊಂದಿಗೆ ಸೇರಿ ಒಂದು ತಂತ್ರಾಂಶ ಕಟ್ಟು ಎಂದರೆ ಆತ ಏನು ಮಾಡಿಯಾನು? ಒಂದೋ ಎಲ್ಲವನ್ನೂ ತಾನೇ ಮಾಡುತ್ತಾನೆ, ಇಲ್ಲವೇ ಏನನ್ನೂ ಮಾಡುವುದಿಲ್ಲ.

ಅಷ್ಟಕ್ಕೂ ಬಳಕೆಗೆ ಬರುವ ದೊಡ್ಡ ತಂತ್ರಾಂಶಗಳು ಒಬ್ಬನಿಂದ ಆಗುವಂಥವಲ್ಲ. ತಂಡ ದೊಡ್ಡದಾದರೆ ಕೆಲಸ ಹಗುರವಾಗುತ್ತದೆ ಎಂಬುದೂ ನಿಜವಲ್ಲ. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಓಎಸ್/360 ಎಂಬ ಬೃಹತ್ ತಂತ್ರಾಂಶದ ಉಸ್ತುವಾರಿ ಹೊತ್ತಿದ್ದ ಫ್ರೆಡ್ರಿಕ್ ಬ್ರೂಕ್ಸ್, 1975ರಲ್ಲಿ ಪ್ರಕಟಿಸಿದ ‘ದ ಮಿಥಿಕಲ್ ಮ್ಯಾನ್-ಮಂತ್’ ಕೃತಿಯಲ್ಲಿ ಈ ಅನುಭವವನ್ನು ದಾಖಲಿಸಿದ್ದಾರೆ. ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸಬರಿಗೆ ಹಳಬರೇ ಕಲಿಸಬೇಕು, ಜೊತೆಗೆ ಪ್ರತಿಯೊಬ್ಬನೂ ಉಳಿದವರೊಂದಿಗೆ ಮಾತನಾಡಬೇಕು. ನಾಲ್ವರ ನಡುವೆ ಇಂತಹ ಆರು ಸಂಬಂಧಗಳಿದ್ದರೆ ಎಂಟು ಮಂದಿಯ ನಡುವೆ ಇಪ್ಪತ್ತೆಂಟು! ಆರನ್ನೇ ನಿಭಾಯಿಸಲು ಕಲಿಯದೆ ಪದವಿ ಪಡೆದವನು ನೂರಾರು ಮಂದಿಯ ಕಂಪೆನಿಗೆ ಕಾಲಿಡುತ್ತಾನೆ.

ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಸಾಕ್ಷಿ. 1998ರ ಡಿಸೆಂಬರ್‌ನಲ್ಲಿ ಉಡಾಯಿಸಲಾದ ಈ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ತಲುಪಿದಾಗ ನಾಶವಾಯಿತು. ಒಂದು ತಂಡದ ತಂತ್ರಾಂಶ ಎಂಜಿನಿನ ನೂಕುಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಡುತ್ತಿತ್ತು, ಅದನ್ನು ಪಡೆದ ಇನ್ನೊಂದು ತಂಡ ನ್ಯೂಟನ್ ಮಾನದಲ್ಲಿದೆ ಎಂದು ನಂಬಿತ್ತು. ಎರಡೂ ಕಡೆ ಇದ್ದವರು ಅತಿ ಬುದ್ಧಿವಂತರೇ. ತಂಡಗಳ ನಡುವೆ ಸಾಕಷ್ಟು ಸಂವಹನ ಇರಲಿಲ್ಲ ಎಂಬುದನ್ನು ತನಿಖಾ ಮಂಡಳಿಯೂ ಎತ್ತಿ ತೋರಿಸಿತು.

ನಮ್ಮ ಕಾಲೇಜುಗಳಲ್ಲಿ ಇದರ ಪುಟ್ಟ ಆವೃತ್ತಿ ಪ್ರತಿ ವರ್ಷ ನಡೆಯುತ್ತದೆ. ಲಾಗಿನ್ ಪುಟ ಬರೆದವನು ವಿದ್ಯಾರ್ಥಿಯ ಗುರುತಿಗೆ ‘ಯುಎಸ್ಎನ್’ ಎಂದು ಹೆಸರಿಟ್ಟಿರುತ್ತಾನೆ, ಡೇಟಾಬೇಸ್ ಬರೆದವನು ‘ಸ್ಟೂಡೆಂಟ್ ಐಡಿ’ ಎಂದಿಟ್ಟಿರುತ್ತಾನೆ. ಪ್ರದರ್ಶನದ ಹಿಂದಿನ ರಾತ್ರಿ ಜೋಡಿಸಹೊರಟಾಗ ಒಂದಕ್ಕೊಂದು ಕೂಡುವುದಿಲ್ಲ. ಪೆನ್‌ಡ್ರೈವ್ ಮತ್ತು ವಾಟ್ಸ್ಆ್ಯಪ್ ಮೂಲಕ ಓಡಾಡಿದ ಕಡತಗಳಿಗೆ ಫೈನಲ್, ಫೈನಲ್ ಎರಡು, ನಿಜವಾದ ಫೈನಲ್ ಎಂಬ ಹೆಸರುಗಳು. ಯಾವುದು ಕೊನೆಯದೆಂದು ಅವರಿಗೇ ಗೊತ್ತಿರುವುದಿಲ್ಲ. ಇದಕ್ಕೆ ಮದ್ದು ಎಂದೋ ಸಿದ್ಧವಾಗಿದೆ, ಅದೂ ಉಚಿತವಾಗಿ. ಹಲವು ದೇಶಗಳಲ್ಲಿ ಚದುರಿದ್ದು ಲಿನಕ್ಸ್ ಬರೆಯುತ್ತಿದ್ದವರ ಅನುಕೂಲಕ್ಕಾಗಿ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ‘ಗಿಟ್’ ಎಂಬ ಸಾಧನವನ್ನು ರೂಪಿಸಿದರು. ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರೆಂಬ ದಾಖಲೆ ಅದರಲ್ಲಿ ಉಳಿಯುತ್ತದೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ, ಸೇರಿಸುವಾಗ ಅದು ಅಲ್ಲಿಗೇ ನಿಂತು ನೀವೇ ತೀರ್ಮಾನಿಸಿ ಎನ್ನುತ್ತದೆ. ಆ ತೀರ್ಮಾನಕ್ಕೆ ಇಬ್ಬರೂ ಮಾತನಾಡಲೇಬೇಕು. ತಂಡವಾಗುವ ಪಾಠ ಆರಂಭವಾಗುವುದು ಅಲ್ಲಿ.

ಎನ್‌ಬಿಎ ಎಂಬ ಮಾನ್ಯತಾ ಮಂಡಳಿಯು ಇಂಜಿನಿಯರಿಂಗ್ ಪದವೀಧರನಲ್ಲಿರಬೇಕಾದ ಗುಣಗಳ ಪಟ್ಟಿಯಲ್ಲಿ ತಂಡದಲ್ಲಿ ದುಡಿಯುವ ಸಾಮರ್ಥ್ಯವನ್ನೂ ಸೇರಿಸಿದೆ. ಪಟ್ಟಿಯಲ್ಲಿದೆ ನಿಜ, ಆದರೆ ಅದನ್ನು ಕಲಿಸುವ ಪೀರಿಯಡ್ ಎಲ್ಲಿದೆ? ವಿದ್ಯಾರ್ಥಿಗಳು ತಂಡ ಕಟ್ಟುವುದು ಹಾಸ್ಟೆಲ್ ಕೋಣೆ, ಊರು, ಭಾಷೆ, ಸಮುದಾಯ ನೋಡಿಕೊಂಡು. ಅಪರಿಚಿತನೊಂದಿಗೆ ದುಡಿಯುವ ಒಂದೇ ಒಂದು ಅವಕಾಶವೂ ಹೀಗೆ ಕೈತಪ್ಪುತ್ತದೆ. ಅಧ್ಯಾಪಕರೇ ತಂಡ ರಚಿಸಲಿ, ತಿಂಗಳಿಗೊಮ್ಮೆ ಗಿಟ್‌ನ ದಾಖಲೆಯನ್ನು ತೆರೆದು ನೋಡಲಿ, ತಾನು ಬರೆಯದ ಭಾಗವನ್ನು ವಿವರಿಸುವಂತೆ ಪ್ರತಿಯೊಬ್ಬನನ್ನೂ ಕೇಳಲಿ. ಬರೇ ದಾಖಲೆಗಳ ಸಂಖ್ಯೆ ನೋಡಿ ಅಂಕ ಕೊಡುವುದು ಬೇಡ. ಒಂದು ಚುಕ್ಕೆ ಸೇರಿಸಿ, ಮತ್ತೆ ತೆಗೆದು ಲೆಕ್ಕ ಹೆಚ್ಚಿಸುವ ಜಾಣತನ ನಮ್ಮ ಮಕ್ಕಳಲ್ಲಿ ಧಾರಾಳವಾಗಿದೆ.

ಇಲ್ಲಿ ಇನ್ನೊಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಎಲ್ಲ ಭಾರವನ್ನು ಒಬ್ಬನೇ ಹೊತ್ತ ಜಾಣ ಹುಡುಗನ ಮೇಲೆ ನಮಗೆ ಅನುಕಂಪವಿದೆ. ಆದರೆ ಆತ ನಿರಪರಾಧಿಯಲ್ಲ. ಅವರಿಗೆ ಹೇಳಿಕೊಡುವಷ್ಟರಲ್ಲಿ ನಾನೇ ಮುಗಿಸಬಲ್ಲೆ ಎಂದು ಆತ ಯೋಚಿಸಿದ ಕ್ಷಣದಲ್ಲೇ ಮೂವರು ಹೊರಗುಳಿದರು. ಸೋಮಾರಿಗಳಿರುತ್ತಾರೆ ನಿಜ, ಆದರೆ ಕಲಿಯಬಯಸಿಯೂ ಹಿಂಜರಿದವರನ್ನು ಆತ ಸೋಮಾರಿಗಳ ಸಾಲಿಗೇ ಸೇರಿಸಿಬಿಟ್ಟ. ಈಗಂತೂ 2022ರಲ್ಲಿ ಬಂದ ಚಾಟ್‌ಜಿಪಿಟಿಯಂತಹ ಸಾಧನಗಳು ಕೇಳಿದ ಕೋಡನ್ನು ಕ್ಷಣದಲ್ಲಿ ಬರೆದುಕೊಡುತ್ತವೆ. ಒಬ್ಬನೇ ಬರೆಯಬಲ್ಲೆ ಎಂಬ ಹೆಮ್ಮೆಗೆ ಇನ್ನೆಷ್ಟು ಬೆಲೆ ಉಳಿದೀತು? ಬರೆದದ್ದು ಸರಿಯಿದೆಯೇ ಎಂದು ನಾಲ್ವರು ಕೂತು ಪರಿಶೀಲಿಸುವ ಕೆಲಸವಂತೂ ಹೆಚ್ಚಿದೆ.

ಇನ್ನು ರಿಪೋರ್ಟ್ ಬರೆಯುವ ನಮ್ಮ ಹೆಣ್ಮಕ್ಕಳ ವಿಷಯ. ಪ್ರಾಜೆಕ್ಟಿನ ನಿಜವಾದ ಕೆಲಸ ನಡೆಯುವುದು ಲ್ಯಾಬ್ ಮುಚ್ಚಿದ ಬಳಿಕ, ಹುಡುಗರ ಬಾಡಿಗೆ ಕೋಣೆಗಳಲ್ಲಿ, ರಾತ್ರಿ ಹೊತ್ತು. ಅಲ್ಲಿಗೆ ಮಗಳನ್ನು ಕಳುಹಿಸಲು ನಾವು ಒಪ್ಪುವುದಿಲ್ಲ, ಅವಳೂ ಬಯಸುವುದಿಲ್ಲ. ಆದರೆ ಅದಕ್ಕಾಗಿ ಅವಳು ಕೋಡ್ ಬರೆಯುವುದನ್ನೇ ಬಿಡಬೇಕೇ? ಮುಖ ಕಾಣದವರು ಖಂಡಾಂತರಗಳಲ್ಲಿ ಕೂತು ಲಿನಕ್ಸ್ ಕಟ್ಟಿದ ಸಾಧನವೇ ಅವಳ ಲ್ಯಾಪ್‌ಟಾಪಿನಲ್ಲೂ ಕೆಲಸ ಮಾಡುತ್ತದೆ. ಹಗಲು ಲ್ಯಾಬಿನಲ್ಲಿ ಚರ್ಚೆ, ರಾತ್ರಿ ಮನೆಯಿಂದಲೇ ತನ್ನ ಪಾಲಿನ ಪ್ರೋಗ್ರಾಂ ಎಂದು ತಂಡದೊಂದಿಗೆ ಮೊದಲ ವಾರವೇ ಅವಳು ಗಟ್ಟಿಯಾಗಿ ಹೇಳಬೇಕು. ಹಾಗೆ ಹೇಳಲು ಮನೆಯ ಬೆಂಬಲ ಬೇಕು. ಮಗ ಲ್ಯಾಪ್‌ಟಾಪ್ ತೆರೆದರೆ ಬಾಗಿಲು ಮುಚ್ಚಿ ಸದ್ದು ಮಾಡಬೇಡಿ ಎನ್ನುವ ನಾವು, ಮಗಳು ತೆರೆದು ಕೂತಾಗ ಮಾತ್ರ ಅತಿಥಿಗಳಿಗೆ ಚಹಾ ಮಾಡಲು ಕರೆಯುತ್ತೇವೆ. ಈ ಬಾರಿ ಪ್ರಾಜೆಕ್ಟಿನ ತಿಂಗಳುಗಳಲ್ಲಾದರೂ ಆ ಚಹಾವನ್ನು ಮಗ ಮಾಡಲಿ.