ಅಪ್ಪ-ಅವ್ವನಿಗೆ ಎರಡು ಕುರ್ಚಿ

ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಧ್ವಜಕ್ಕಿಂತ ಆಮಂತ್ರಣ ಪತ್ರಿಕೆಯದೇ ಚಿಂತೆ. 1948ರಲ್ಲಿ ನಿಜಾಮ ಭಾರತಕ್ಕೆ ಶರಣಾದ ದಿನವದು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಮೊದಲು ಪೂರ್ವಭಾವಿ ಸಭೆ. ಆಮೇಲೆ ಶಾಸಕರು, ಸಂಸದರ ಹೆಸರು ಶಿಷ್ಟಾಚಾರದ ಪ್ರಕಾರವೇ ಅಚ್ಚಾಗಬೇಕು. ಒಂದು ಹೆಸರು ಕೆಳಗಿಳಿದರೂ ತಕರಾರು! 'ನನಗೂ ಒಂದು ಕಾರ್ಡ್ ಇರಲಿ' ಎನ್ನುವವರಿಗಂತೂ ಲೆಕ್ಕವಿಲ್ಲ.

ಈ ಗದ್ದಲದಲ್ಲಿ ಯಾರ ನೆನಪಿಗೂ ಬಾರದೆ ಉಳಿಯುವವರು ಬಹುಮಾನ ಪಡೆಯುವ ಹುಡುಗಿಯ ಅಪ್ಪ-ಅವ್ವ. ಮಗಳು ವೇದಿಕೆ ಹತ್ತುವಾಗ ಅವರು ಶಾಮಿಯಾನದ ಆಚೆ, ಬಿಸಿಲಲ್ಲಿ. ಮುಖ್ಯೋಪಾಧ್ಯಾಯರು ಮಕ್ಕಳ ಪಟ್ಟಿ ಕಳಿಸುವಾಗಲೇ ಪಾಲಕರ ಹೆಸರನ್ನೂ ಬರೆದು ಎರಡು ಕುರ್ಚಿ ಕೇಳಬಾರದೇಕೆ? ಪಾಲಕರೂ ಸಂಕೋಚ ಬಿಟ್ಟು ಶಾಲೆಯಲ್ಲಿ ವಿಚಾರಿಸಲಿ, ಕಾರ್ಡು ಅಚ್ಚಿಗೆ ಹೋಗುವ ಮೊದಲೇ.